ಅಡುಗೆಮನೆಗೆ ಕೇಳಿದ ಕಚೇರಿ

ಸಂಗೀತವನ್ನು ಎಲ್ಲಿ ಕೂತು ಕೇಳಬೇಕು ಎಂಬ ವಿಷಯದಲ್ಲಿ ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ನೇಮಿರಾಜಯ್ಯನವರ ಹಿರಿಸೊಸೆ ರಾಜೀಮತಿಗೆ ಇದ್ದಷ್ಟು ಖಚಿತವಾದ ಅಭಿಪ್ರಾಯ ಆ ಕಾಲದ ವಿದ್ವಾಂಸರಿಗೂ ಇದ್ದಿರಲಾರದು. ಅಡುಗೆಮನೆಯಲ್ಲಿ ಕೂತು ಕೇಳಬೇಕು ಎಂಬುದು ಆಕೆಯ ಸಿದ್ಧಾಂತ. ಹಾಗಂತ ಯಾವ ಅಡುಗೆಮನೆಯಾದರೂ ಆಗುವುದಿಲ್ಲ. ಗಾರೆ ಗೋಡೆ ಇರಬೇಕು, ಗೋಡೆಯಲ್ಲಿ ನಡುಮನೆಯ ಕಡೆಗೆ ಒಂದು ಕಿಟಕಿ ಇರಬೇಕು, ಹಾಡುವವರು ಆ ಕಿಟಕಿಗೆ ಬೆನ್ನು ಮಾಡಿ ಕೂತಿರಬೇಕು. ಇದನ್ನು ಕೇಳಿದವರೆಲ್ಲ ನಗುತ್ತಿದ್ದರು. ನಗುವವರು ನಗಲಿ, ಅವರೆಲ್ಲ ಎದುರಿಗೆ ಕೂತು ಕೇಳಿದವರು, ಅವರಿಗೇನು ಗೊತ್ತು ಎಂದು ರಾಜೀಮತಿ ಸುಮ್ಮನಿರುತ್ತಿದ್ದಳು.

ಈ ಸಿದ್ಧಾಂತದ ಬೇರು ಇದ್ದದ್ದು ಹೊಳೆನರಸೀಪುರದಲ್ಲಿ. ಮೂವತ್ತಮೂರನೆಯ ಇಸವಿ, ಗಂಡ ಜಿನಚಂದ್ರನ ಸೋದರತ್ತೆಯ ಮಗಳ ಮದುವೆ. ರಾಜೀಮತಿಗೆ ಆಗ ಹದಿನೇಳು. ತನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನೆಂಟರ ಮದುವೆಯಲ್ಲಿ ಹೊಸ ಸೊಸೆಗೆ ಏನು ಕೆಲಸ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಈಳಿಗೆಮಣೆ ಕೊಟ್ಟು, ಎದುರಿಗೆ ಒಂದು ಬುಟ್ಟಿ ಸಿಹಿಗುಂಬಳ ಇಟ್ಟು, ಅಡುಗೆಮನೆಯ ಕಿಟಕಿಯ ಕೆಳಗೆ ಕೂರಿಸಿದರು.

ಜೈನರ ಮನೆಯ ಮದುವೆಯಲ್ಲಿ ಕಚೇರಿಗೂ ಅಡುಗೆಗೂ ಒಂದೇ ಹೊತ್ತು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಹಾಗಾಗಿ ಬೇರೆಯವರ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಶುರುವಾಗುವ ಹಾಡು ಇಲ್ಲಿ ಮೂರು ಗಂಟೆಗೇ ಶುರುವಾಗಿ, ಐದಕ್ಕೆ ಎಲೆ ಹಾಕುವಷ್ಟರಲ್ಲಿ ಮುಗಿಯಬೇಕು. ನಡುಮನೆಯಲ್ಲಿ ಗಂಡಸರು ತಲೆದೂಗುವ ಆ ಎರಡು ಗಂಟೆಯೇ ಹೆಂಗಸರು ಒಲೆಯ ಮುಂದೆ ಬೇಯುವ ಎರಡು ಗಂಟೆ. ಧರ್ಮ ಎಲ್ಲರಿಗೂ ಒಂದೇ, ಹೊಗೆ ಮಾತ್ರ ಹೆಂಗಸರಿಗೆ.

ಹಾಡಲು ಬಂದವರು ಅರಕಲಗೂಡಿನ ವಿದ್ವಾನ್ ಈಶ್ವರಯ್ಯನವರು. ಹಾಸನ ಸೀಮೆಯಲ್ಲಿ ಆಗ ಅವರ ಹೆಸರು ಕೇಳದವರಿರಲಿಲ್ಲ. ನಡುಮನೆಯಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿದ ಹಾಗೆ ಎರಡು ಮಂಚ ಜೋಡಿಸಿ, ಮೇಲೆ ಜಮಖಾನ ಹಾಸಿ ಅವರನ್ನು ಕೂರಿಸಿದ್ದರು. ರಾಜೀಮತಿ ಒಮ್ಮೆ ಎದ್ದುನಿಂತು ಕಿಟಕಿಯಲ್ಲಿ ನೋಡಿದಾಗ ನಾಲ್ಕು ಬೆನ್ನು ಕಂಡವು. ನಡುವೆ ಜರಿ ಶಾಲು ಹೊದ್ದ ಅಗಲವಾದ ಬೆನ್ನು ಈಶ್ವರಯ್ಯನವರದು. ಆಚೆ ಬದಿಗೆ ಪಿಟೀಲಿನವರು, ಈಚೆ ಬದಿಗೆ ಮೃದಂಗದವರು. ಕಿಟಕಿಗೆ ತೀರ ಹತ್ತಿರದಲ್ಲಿ, ಸರಳಿಗೆ ತಲೆ ತಾಗುವ ಹಾಗೆ, ತಂಬೂರಿ ಹಿಡಿದ ಒಬ್ಬ ಸಣಕಲ ಆಳು. ಇಷ್ಟು ನೋಡುವುದರೊಳಗೆ ಅತ್ತೆ ಮರುದೇವಮ್ಮ, "ಕುಂಬಳಕಾಯಿ ಆ ಕಡೆ ಇಲ್ಲ ಕಣೆ, ಇಲ್ಲಿದೆ" ಎಂದರು. ರಾಜೀಮತಿ ಕೂತಳು.

ಮೊದಮೊದಲು ಹಾಡು ಗೋಡೆಯಾಚೆಯ ಮಾತುಕತೆಯಂತೆ ಮಂದವಾಗಿ ಕೇಳುತ್ತಿತ್ತು. ಕಲ್ಯಾಣಿ ರಾಗ ಎತ್ತಿಕೊಂಡು ಮೇಲಕ್ಕೆ ಹೋದರು ನೋಡಿ, ದನಿ ಇದ್ದಕ್ಕಿದ್ದಂತೆ ಅವಳ ತಲೆಯ ಮೇಲೆಯೇ ಬಂದು ನಿಂತಿತು. ತೆಳ್ಳಗಿನ ದನಿ. ಕಾಸಿದ ತುಪ್ಪ ಎಳೆ ಕಡಿಯದೆ ಬೀಳುವಂತೆ ಅದು ಬೀಳುತ್ತಿತ್ತು, ಆದರೆ ಮೇಲಕ್ಕೆ. ರಾಜೀಮತಿ ಕುಂಬಳಕಾಯಿಯ ಜೊತೆಗೆ ಹೆಬ್ಬೆರಳನ್ನೂ ಹೆಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ಸುರಿಯುವುದನ್ನು ಕಂಡ ಮರುದೇವಮ್ಮ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಬೆರಳು ಉರಿಯುತ್ತಿರಲಿಲ್ಲ ಎಂದು ಅತ್ತೆಗೆ ಹೇಳುವುದು ಹೇಗೆ? ಅವತ್ತಿನಿಂದ ಅವಳಿಗೆ ಒಂದೇ ಆಸೆ ಹಿಡಿಯಿತು. ಈ ಪುಣ್ಯಾತ್ಮನ ಹಾಡನ್ನು ಒಂದು ಸಲ, ಕೈಯಲ್ಲಿ ಕೆಲಸವಿಲ್ಲದೆ, ಎದುರಿಗೆ ಕೂತು ಕೇಳಬೇಕು.

ಜಿನಚಂದ್ರ ಒಳ್ಳೆಯ ಗಂಡ. ಅಂದರೆ, ಹೆಂಡತಿ ಮೂರು ಸಲ ಹೇಳಿದ್ದನ್ನು ಒಂದು ಸಲವಾದರೂ ಕೇಳಿಸಿಕೊಳ್ಳುತ್ತಿದ್ದ. ಮೂವತ್ತಾರರಲ್ಲಿ ಅರಕಲಗೂಡಿನ ರಾಮನವಮಿಗೆ ಈಶ್ವರಯ್ಯನವರ ಕಚೇರಿ ಎಂದು ಗೊತ್ತಾಯಿತು. ಆ ಊರಿನ ಅಂಗಡಿಗೆ ಕೊಡ, ಕೊಳಗದ ಮೂಟೆ ಸಾಗಿಸುವುದೂ ಇತ್ತು. ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿ, ಹೆಂಡತಿಯನ್ನು ಬಸ್ಸಿನೊಳಗೆ ಕೂರಿಸಿಕೊಂಡು ಹೋದ.

ಅಲ್ಲಿ ಮೈದಾನದಲ್ಲಿ ದೊಡ್ಡ ತೆಂಗಿನ ಗರಿಯ ಚಪ್ಪರ. ಹೆಂಗಸರಿಗೆ ಅಂತ ಒಂದು ಪಕ್ಕದಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದಿಂದ ವೇದಿಕೆಗೆ ಎರಡು ಗಾಡಿ ನಿಲ್ಲುವಷ್ಟು ದೂರ. ನಡುವೆ ಒಂದು ಕಂಬ. ಪಕ್ಕದ ಹೆಂಗಸಿನ ಮಗು ಅಳುತ್ತಿತ್ತು, ಅದನ್ನು ಸುಮ್ಮನಿರಿಸಲು ಆಕೆ ಅದಕ್ಕಿಂತ ಜೋರಾಗಿ ಜೋಗುಳ ಹೇಳುತ್ತಿದ್ದಳು. ರಾಜೀಮತಿ ಕಿವಿ ಕೊಟ್ಟು, ಕತ್ತು ಕೊಟ್ಟು, ಕಡೆಗೆ ಕಣ್ಣು ಮುಚ್ಚಿಕೊಂಡು ಕೂತಳು. ದಪ್ಪನೆಯ ಗಂಡು ದನಿಯೊಂದು ಆಗಾಗ ಗಾಳಿಯಲ್ಲಿ ಬರುತ್ತಿತ್ತು, ಹೋಗುತ್ತಿತ್ತು. ತಾನು ಕಾಯುತ್ತಿದ್ದ ದನಿ ಬರಲೇ ಇಲ್ಲ.

ಊರಿಗೆ ಬಂದು ಮಾವನ ಹತ್ತಿರ ಹೇಳಿಕೊಂಡಳು. ನೇಮಿರಾಜಯ್ಯನವರು ಐವತ್ತು ವರ್ಷ ಹಿತ್ತಾಳೆಯ ನಡುವೆ ಬದುಕಿದವರು. ಕೊಡ ಕೊಳ್ಳಲು ಬಂದವರ ಎದುರಿಗೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಬಿರುಕಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಸೊಸೆಯ ದೂರಿಗೆ ಅವರು ನಗಾಡಲಿಲ್ಲ.

"ಇದೇ ಹಿತ್ತಾಳೆ ಕಣಮ್ಮ," ಎಂದರು. "ತಟ್ಟೆ ಬಡುದ್ರೆ ಒಂದು ಸದ್ದು, ಕೊಡ ಬಡುದ್ರೆ ಇನ್ನೊಂದು. ಮನೇನೂ ಒಂದು ಪಾತ್ರೆನೇ ಅಲ್ವಾ? ಗರಿ ಚಪ್ಪರಕ್ಕೆ ತಳ ಇಲ್ಲ, ಪಕ್ಕ ಇಲ್ಲ. ದನಿ ಎಲ್ಲಿ ನಿಂತ್ಕೋಬೇಕು ಹೇಳು?"

ಈ ಮಾತು ನಿಜ. ನಿಜವಾಗಿದ್ದದ್ದೇ ತೊಂದರೆಯಾಯಿತು. ಸುಳ್ಳಾಗಿದ್ದರೆ ರಾಜೀಮತಿ ಮುಂದಿನ ಹತ್ತು ವರ್ಷ ಅದರ ಬೆನ್ನು ಹತ್ತುತ್ತಿರಲಿಲ್ಲ. ಅವತ್ತಿನಿಂದ ಅವಳು ಹೋದ ಮನೆಯಲ್ಲೆಲ್ಲ ಗೋಡೆ ತಟ್ಟಿ ನೋಡತೊಡಗಿದಳು. ಮಣ್ಣಿನ ಗೋಡೆ ದನಿ ಕುಡಿಯುತ್ತದೆ, ಹೆಂಚಿನ ಮಾಡು ದನಿ ಚೆಲ್ಲುತ್ತದೆ, ಗಾರೆಯ ಗೋಡೆ, ಮದ್ರಾಸು ತಾರಸಿ ಇದ್ದರೆ ಹಿಡಿದಿಡುತ್ತದೆ ಎಂದು ಒಂದೊಂದಕ್ಕೂ ತೀರ್ಪು ಕೊಟ್ಟಳು. ಹೆಣ್ಣು ನೋಡಲು ಹೋದ ಮನೆಯಲ್ಲಿ ಗೋಡೆ ನೋಡಿ ಬಂದಳು ಎಂದು ಮೈದುನ ಧರಣಯ್ಯ ಊರೆಲ್ಲ ಹೇಳಿಕೊಂಡು ತಿರುಗಿದ. ನೋಡಲು ಹೋದದ್ದು ಅವನಿಗೇ ಹೆಣ್ಣನ್ನು. ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ.

ಮೂವತ್ತೊಂಬತ್ತರಲ್ಲಿ ಧರಣಯ್ಯನ ಮದುವೆಯಾಗಿ, ಚನ್ನರಾಯಪಟ್ಟಣದ ಅವರ ಮನೆಯಲ್ಲೇ ಬೀಗರ ಔತಣ. ನೇಮಿರಾಜಯ್ಯನವರು ಸೊಸೆಯ ಮಾತಿಗೆ ಬೆಲೆ ಕೊಟ್ಟು ಈಶ್ವರಯ್ಯನವರನ್ನು ಕರೆಸಿದರು. ಹೊಳೆನರಸೀಪುರದಲ್ಲಿ ಇದ್ದ ಹಾಗೆಯೇ ಅಡುಗೆಮನೆಯ ಕಿಟಕಿಗೆ ಒತ್ತಿ ಮಂಚ ಹಾಕಿಸಿದರು. ಎದುರಿಗೆ ಕೂರುವ ಆಸೆ ಅವಳಿಗೆ ಇರಲಿಲ್ಲವೆಂದಲ್ಲ. ಇನ್ನೂರು ಎಲೆಯ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು, ಮನೆಯ ಹಿರಿಸೊಸೆ ನಡುಮನೆಗೆ ಬಂದು ಕೂತರೆ ಒಲೆ ಕೇಳುತ್ತದೆಯೇ? ಒಬ್ಬಟ್ಟು ತಟ್ಟುತ್ತ ಕಿಟಕಿಯ ಕೆಳಗೆ ಕೂತಳು. ಮತ್ತೆ ನಾಲ್ಕು ಬೆನ್ನು, ಮತ್ತೆ ಮಂದವಾದ ಶುರು. ರಾಗ ಮೇಲಕ್ಕೆ ಹೋದಾಗ ದನಿ ಬಂತು. ಅದೇ ದನಿ, ಒಂದು ಎಳೆಯೂ ಕಡಿಮೆಯಿಲ್ಲದೆ.

ತಪ್ಪು ಲೆಕ್ಕಕ್ಕೆ ಸರಿಯಾದ ಉತ್ತರ ಬಂದುಬಿಟ್ಟರೆ ಆಮೇಲೆ ಆ ಲೆಕ್ಕವನ್ನು ಯಾರೂ ತಿದ್ದಲಾರರು. ಸಂಗೀತವೆಂದರೆ ಅಡುಗೆಮನೆಯದು ಎಂಬ ಸಿದ್ಧಾಂತ ಅವತ್ತು ಗಟ್ಟಿಯಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗಂಡ ಹಾಸ್ಯ ಮಾಡಿದ. "ಮೂರೋ ನಾಕೋ, ಮೊಲ ನನ್ನ ಕೈಲೈತಲ್ಲ" ಎಂದಳು ರಾಜೀಮತಿ.

ನಾಲ್ಕು ವರ್ಷ ಕಳೆದು ನೇಮಿರಾಜಯ್ಯನವರು ತೀರಿಕೊಂಡರು. ಮರುವರ್ಷ, ನಲವತ್ತನಾಲ್ಕರಲ್ಲಿ, ಜಿನಚಂದ್ರ ಹಾಸನದಿಂದ ಬಂದವನೇ ಹೆಂಡತಿಯನ್ನು ಕರೆದು, ಅಲ್ಲಿಯ ತಗಡಿನ ನಾಟಕದ ಥಿಯೇಟರಿನಲ್ಲಿ ಭಾನುವಾರ ಮಧ್ಯಾಹ್ನ ಈಶ್ವರಯ್ಯನವರ ಕಚೇರಿಯಂತೆ, ಹೆಂಗಸರಿಗೂ ಮುಂದುಗಡೆಯೇ ಕುರ್ಚಿಯಂತೆ, ಮೈಕಂತೆ ಎಂದು ಹೇಳಿದ. ಇಷ್ಟು ಹೇಳುವಾಗ ಅವನ ಮುಖ ಹಬ್ಬದ ದಿನದ ಮುಖದಂತಿತ್ತು. ಹನ್ನೊಂದು ವರ್ಷದ ಹಿಂದಿನ ಆಸೆಯನ್ನು ಅವನು ಮರೆತಿರಲಿಲ್ಲ. ಸಿದ್ಧಾಂತವನ್ನು ಪಕ್ಕಕ್ಕಿಟ್ಟು ರಾಜೀಮತಿ ಹೊಸ ಸೀರೆ ತೆಗೆದಳು. ಎಷ್ಟಾದರೂ ಈಶ್ವರಯ್ಯನವರ ಮುಖವನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

ಎರಡನೆಯ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಪರದೆ ಎದ್ದಾಗ ಕಂಡ ಈಶ್ವರಯ್ಯನವರಿಗೆ ಪೊದೆ ಮೀಸೆ, ತಾಂಬೂಲದ ಬಾಯಿ, ಒಂದು ಚಿನ್ನದ ಹಲ್ಲು. ಆ ದನಿಗೆ ಈ ಮುಖವೇ ಎಂದು ಅವಳಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಇರಲಿ, ಮಾವಿನ ಮರದ ತೊಗಟೆ ನೋಡಿ ಹಣ್ಣು ತಿನ್ನುತ್ತೇವೆಯೇ ಎಂದು ಸಮಾಧಾನ ಮಾಡಿಕೊಂಡಳು. ಅವರ ಬಾಯಿಯ ಎದುರಿಗೆ ಕೋಲಿಗೆ ಸಿಕ್ಕಿಸಿದ ಮೈಕು, ಥಿಯೇಟರಿನ ಎರಡು ಮೂಲೆಯಲ್ಲಿ ಧ್ವನಿವರ್ಧಕದ ಕಹಳೆಗಳು. ಹಾಡು ಶುರುವಾಯಿತು. ತಗಡಿನ ಮಾಡು ಕೂಡ ಜೊತೆಗೆ ಹಾಡಿತು. ಜನ ಆಹಾ ಎಂದರು. ದೊಡ್ಡ ದನಿ, ತುಂಬಿದ ದನಿ, ಎಲ್ಲೂ ತಪ್ಪಿಲ್ಲ. ಕಲ್ಯಾಣಿಯೂ ಬಂತು. ರಾಗ ಮೇಲಕ್ಕೆ ಹೋಗಬೇಕಾದ ಜಾಗದಲ್ಲಿ ಈಶ್ವರಯ್ಯನವರು ಕಣ್ಣು ಮುಚ್ಚಿ, ಬಲಗೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ, ಅಲ್ಲಿಂದ ಹಾಗೆಯೇ ಕೆಳಗಿಳಿಸಿ ಬೇರೆ ದಾರಿ ಹಿಡಿದರು. ಚಪ್ಪಾಳೆ ಬಿತ್ತು. ತಂಬೂರಿಯವನು ಹಿಂದೆ, ಮೈಕಿಗೆ ದೂರವಾಗಿ, ತುಟಿ ಮುಚ್ಚಿಕೊಂಡು ಮೀಟುತ್ತಿದ್ದ. ಅವನನ್ನು ಯಾರೂ ನೋಡಲಿಲ್ಲ, ರಾಜೀಮತಿಯೂ ನೋಡಲಿಲ್ಲ. ತಂಬೂರಿ ಹಿಡಿದವನನ್ನು ನೋಡಲೆಂದು ಯಾರು ತಾನೆ ಕಚೇರಿಗೆ ಹೋಗುತ್ತಾರೆ?

ಬರುವಾಗ ಬಸ್ಸಿನಲ್ಲಿ ಅವಳು ಅತ್ತಳು. ಹನ್ನೊಂದು ವರ್ಷ ಕಾಯ್ದದ್ದು ಇದಕ್ಕೆಯೇ?

"ಆ ಮೈಕು ದನಿ ನುಂಗ್ಬುಡ್ತು," ಎಂದಳು.

"ಮೈಕು ದನೀನ ದೊಡ್ದು ಮಾಡ್ತದೆ ಕಣೇ, ನುಂಗಕ್ಕೆ ಅದಕ್ಕೇನು ಹೊಟ್ಟೆ ಐತಾ?" ಎಂದ ಜಿನಚಂದ್ರ.

"ನಾನು ಕಿಟಕೀಲಿ ಕೇಳಿದ್ದು ಇದಲ್ಲ. ನಮ್ಮನೇಲಿ, ಮೈಕಿಲ್ದೆ, ಇನ್ನೊಂದ್ಸಲ ಆಡಿಸ್ಬೇಕು. ಆಗ ನೀವೂ ಒಳಗೇ ಬಂದು ಕೇಳಿ."

ಅದಕ್ಕೆ ಸಂದರ್ಭ ಒದಗಿದ್ದು ನಲವತ್ತಾರರಲ್ಲಿ, ಕಡೆಯ ನಾದಿನಿ ಅನಂತಮತಿಯ ಮದುವೆಗೆ. ಅಷ್ಟರಲ್ಲಿ ಮದುವೆ ಮನೆ ಎಂದರೆ ಮೈಕು ಎಂಬಂತಾಗಿತ್ತು. ಬ್ಯಾಟರಿ ಹೊತ್ತು ತಂದು, ಮರಕ್ಕೆ ಕಹಳೆ ಕಟ್ಟಿ, ಊರಿಗೆಲ್ಲ ಕೇಳಿಸಿದರೇ ಮದುವೆ. ರಾಜೀಮತಿ ಒಂದೇ ಮಾತು ಹಿಡಿದಳು: ಈಶ್ವರಯ್ಯನವರ ಕಚೇರಿ, ಅದೇ ಮಂಚ, ಅದೇ ಕಿಟಕಿ, ಮೈಕು ಬೇಡ. ಆ ಮನೆಗೆ ಬಂದು ಹದಿನಾಲ್ಕು ವರ್ಷದಲ್ಲಿ ಅವಳು ಹಟ ಹಿಡಿದದ್ದು ಇದೊಂದೇ ಸಲ. ಧರಣಯ್ಯನಿಗೆ ಹಳೆಯ ಸಿಟ್ಟು ಇನ್ನೂ ಆರಿರಲಿಲ್ಲ.

"ಅತ್ತಿಗೆ, ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ವಯಸ್ಸಾಗೈತೆ ಅವ್ರಿಗೆ. ಮೈಕಿಲ್ದೆ ಬಾಗ್ಲು ದಾಟಕಿಲ್ಲ ದನಿ. ಬೀಗ್ರ ಮುಂದೆ ಮಾನ ಓಯ್ತದೆ."

"ಓದ್ರೆ ನಂದು ಓಗ್ಲಿ," ಎಂದಳು ರಾಜೀಮತಿ. "ಮೈಕಿಲ್ದೆ ಆಡಿಸಿ. ಆ ದನಿ ಬರ್ಲಿಲ್ಲ ಅಂದ್ರೆ ಇನ್ಮೇಲೆ ಈ ಮನೇಲಿ ಸಂಗೀತದ ಮಾತು ಎತ್ತಾಕಿಲ್ಲ ನಾನು."

ಎಲ್ಲರ ಎದುರಿಗೆ ಆಡಿದ ಮಾತು. ಜಿನಚಂದ್ರ ಇಲ್ಲದ ಕೆಲಸ ನೆನಪು ಮಾಡಿಕೊಂಡು ಎದ್ದು ಹೋದ.

ಮದುವೆಯ ದಿನ ಮೂರು ಗಂಟೆಗೆ ಈಶ್ವರಯ್ಯನವರು ಬಂದರು. ತಲೆ ನರೆತಿತ್ತು. ಮಂಚ ಏರಿ, ಕಿಟಕಿಗೆ ಬೆನ್ನು ಮಾಡಿ ಕೂತರು. ರಾಜೀಮತಿ ಅಡುಗೆಯವರಿಗೆ ಎಲ್ಲ ವಹಿಸಿ, ಅವತ್ತು ಈಳಿಗೆಮಣೆಯೂ ಇಲ್ಲದೆ, ಬರಿಗೈಯಲ್ಲಿ ಕಿಟಕಿಯ ಹತ್ತಿರ ನಿಂತಳು. ನಡುಮನೆ ಕಿಕ್ಕಿರಿದಿತ್ತು, ಜಗಲಿಯ ಮೇಲೂ ಜನ. ಹಾಡು ಶುರುವಾಯಿತು. ಮಂದವಾಗಿ, ಆಚೆಗೆ ಮುಖ ಮಾಡಿ, ದೂರ ಹೋಗುತ್ತಿರುವ ಮನುಷ್ಯನ ಮಾತಿನ ಹಾಗೆ. ಇರಲಿ, ಶುರು ಯಾವಾಗಲೂ ಹೀಗೇ. ಕಲ್ಯಾಣಿ ಬರಲಿ, ಮೇಲಕ್ಕೆ ಹೋಗಲಿ ಎಂದು ಅವಳು ಸರಳು ಹಿಡಿದುಕೊಂಡಳು. ಕಲ್ಯಾಣಿ ಬಂತು. ಮೇಲಕ್ಕೆ ಹೋಗುವ ಜಾಗ ಬಂತು. ಈಶ್ವರಯ್ಯನವರ ಬಲಗೈ ಎದ್ದಿತು. ದನಿ ಬರಲಿಲ್ಲ. ಅವರು ಒಮ್ಮೆ ಕೆಮ್ಮಿ, ಮಿಕ್ಕದ್ದನ್ನು ಪಿಟೀಲಿಗೆ ಬಿಟ್ಟರು. ಜಗಲಿಯಲ್ಲಿದ್ದವರು ಮಾತಿಗೆ ಶುರು ಮಾಡಿದರು. ಬಾಗಿಲ ಹತ್ತಿರ ನಿಂತಿದ್ದ ಧರಣಯ್ಯ ಕಿಟಕಿಯ ಕಡೆಗೊಮ್ಮೆ ನೋಡಿ, ಬೀಗರ ಕಡೆಗೆ ತಿರುಗಿ ಕೈಮುಗಿದ. ಬೈದಿದ್ದರೆ ವಾಸಿಯಿತ್ತು.

ಅದೇ ಗೋಡೆ, ಅದೇ ಗಾರೆ, ಅದೇ ತಾರಸಿ. ಮೈಕೂ ಇಲ್ಲ. ಇನ್ನು ಯಾವುದರ ಮೇಲೆ ತಪ್ಪು ಹೊರಿಸುವುದು? ಹಾಗೆ ನೋಡುತ್ತ ನಿಂತವಳಿಗೆ ಬೆನ್ನುಗಳು ಮೂರೇ ಇರುವುದು ಕಾಣಿಸಿತು. ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಜಮಖಾನ ಖಾಲಿ ಬಿದ್ದಿತ್ತು. ಈಶ್ವರಯ್ಯನವರ ತೊಡೆಯ ಪಕ್ಕದಲ್ಲಿ ಒಂದು ಶ್ರುತಿಪೆಟ್ಟಿಗೆ. ಎಡಗೈಯಿಂದ ಅದನ್ನು ಅವರೇ ಒತ್ತಿಕೊಳ್ಳುತ್ತಿದ್ದರು. ರಾಜೀಮತಿ ಅಲ್ಲೇ ಅಕ್ಕಿಯ ಮೂಟೆಯ ಮೇಲೆ ಕೂತಳು. ಕಚೇರಿ ಮುಗಿಯುವವರೆಗೆ ಯಾರು ಕರೆದರೂ ಏಳಲಿಲ್ಲ.

ಊಟವಾದ ಮೇಲೆ, ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ತಾಂಬೂಲದ ತಟ್ಟೆ ಹಿಡಿದು ತಾನೇ ಈಶ್ವರಯ್ಯನವರ ಎದುರಿಗೆ ಹೋದಳು. ಜಿನಚಂದ್ರ ಅಲ್ಲೇ ಇದ್ದ. ವಿದ್ವಾಂಸರನ್ನು ಹೆಂಗಸರು ಮಾತಾಡಿಸುವ ರೂಢಿಯಿರಲಿಲ್ಲ. ಅವತ್ತು ಅದನ್ನು ಯೋಚಿಸುವಷ್ಟು ಅವಳಲ್ಲಿ ತಾಳ್ಮೆ ಉಳಿದಿರಲಿಲ್ಲ.

"ಸ್ವಾಮಿ, ಮೊದಲು ತಂಬೂರಿ ಹಿಡೀತಿದ್ದೋರು ಬರ್ಲಿಲ್ವಾ?"

"ಪಾಲಾಕ್ಷನಾ? ಅವನು ಊರಿಗೆ ಹೋದ ತಾಯಿ, ದುದ್ದಕ್ಕೆ. ಮೈಕು ಬಂದ ಮೇಲೆ ಇನ್ನೊಂದು ಗಂಟಲು ಯಾಕೆ? ಎರಡು ದನಿ ಅದಕ್ಕೆ ಆಗಿಬರೋದಿಲ್ಲ. ಮೊದಲು ಸುಮ್ಮನೆ ಕೂತು ಮೀಟು ಅಂದೆ, ಆಮೇಲೆ ಅದೂ ಬೇಡವಾಯ್ತು."

"ಅವ್ರೂ ಆಡ್ತಿದ್ರಾ?"

ಈಶ್ವರಯ್ಯನವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯರೇ.

"ನೀವು ಎಲ್ಲಿ ಕೂತು ಕೇಳಿದ್ರಿ?"

"ಅಡುಗೆಮನೇಲಿ."

"ಅದಕ್ಕೇ," ಎಂದರು ಈಶ್ವರಯ್ಯ. "ವಯಸ್ಸು ನಲವತ್ತು ದಾಟಿದ ಮೇಲೆ ನಾನು ಅಷ್ಟು ಮೇಲಕ್ಕೆ ಹೋಗಿಲ್ಲ ತಾಯಿ. ಕೈ ಎತ್ತುತಿದ್ದೆ, ಬಾಯಿ ತೆಗೀತಿದ್ದೆ. ಹಾಡ್ತಿದ್ದವನು ಅವನು. ಎದುರಿಗೆ ಕೂತವರು ಕೈ ನೋಡ್ತಾರೆ, ದನಿಯೂ ಆ ಕೈದೇ ಅಂದ್ಕೋತಾರೆ. ಅಡುಗೆಮನೆಗೆ ಕೈ ಕಾಣೋದಿಲ್ಲ."

ಇದನ್ನು ಹೇಳಿ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ರಾಜೀಮತಿ ತಟ್ಟೆ ಇಟ್ಟು ಒಳಗೆ ಬಂದಳು. ತಾನು ಹದಿಮೂರು ವರ್ಷ ತಲೆಯ ಮೇಲೆ ಹೊತ್ತು ತಿರುಗಿದ ಸಿದ್ಧಾಂತದಲ್ಲಿ ಗೋಡೆಯ ಪಾಲು ಇಷ್ಟೇ ಎಂದು ತಿಳಿದು ನಾಚಿಕೆಯಾಯಿತು.

ನಾಚಿಕೆ ನಾಲ್ಕು ದಿನ ಇತ್ತು. ಅದು ಹೋದ ಮೇಲೂ ಆಸೆ ಇತ್ತು. ಐದನೆಯ ದಿನ ಗಂಡನಿಗೆ, "ದುದ್ದಕ್ಕೆ ಓಗ್ಬೇಕು" ಎಂದಳು. ಇನ್ನು ಸಂಗೀತದ ಮಾತೆತ್ತುವುದಿಲ್ಲ ಎಂದದ್ದು ಏನಾಯಿತು ಎಂದು ಅವನು ಕೇಳಲಿಲ್ಲ. ಆ ಮಾತು ಈ ಮನೆಯೊಳಗಿನದು, ದುದ್ದ ಬೇರೆ ಊರು ಎಂದು ಅವಳ ಉತ್ತರ ಸಿದ್ಧವಾಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಇದ್ದಿಲಿನಿಂದ ಓಡುವ ಹೊಗೆಯ ಬಸ್ಸಿನಲ್ಲಿ ಹಾಸನಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದುದ್ದ ತಲುಪುವ ಹೊತ್ತಿಗೆ ಹನ್ನೊಂದಾಗಿತ್ತು. ಪಾಲಾಕ್ಷನ ಮನೆ ಕೇಳಿದರೆ, "ಎಮ್ಮೆ ಪಾಲಾಕ್ಷಣ್ಣನಾ?" ಎಂದು ತೋರಿಸಿದರು. ಅಂಗಳದಲ್ಲಿ ಎರಡು ಎಮ್ಮೆ, ಹಿಂದುಗಡೆ ಹತ್ತಿಪ್ಪತ್ತು ತೆಂಗಿನ ಮರ. ಜಗಲಿಯ ಪಕ್ಕದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸುಲಿಯುತ್ತಿದ್ದ ಸಣಕಲ ಮನುಷ್ಯ ಬಂದವರನ್ನು ನೋಡಿ ಎದ್ದುನಿಂತ. ಬೆನ್ನು ಪರಿಚಯವಿದ್ದವಳಿಗೆ ಮುಖ ಹೊಸದು. ನಲವತ್ತೈದರ ಆಸುಪಾಸಿನ ಸಾಧಾರಣ ಮುಖ.

ಜಿನಚಂದ್ರ ಊರು, ಮನೆತನ ಹೇಳಿದ. ಪಾಲಾಕ್ಷ ಚಾಪೆ ಹಾಸಿದ.

"ಚನ್ನರಾಯಪಟ್ಟಣದ ಪಾತ್ರೆ ಸಾವ್ಕಾರ್ರ ಮನೆ! ಮರೆಯಾಕಾಯ್ತದಾ ಬುದ್ಧಿ? ಹೊಳೆನರಸೀಪುರದಾಗೂ ನಿಮ್ಮೋರ ಮನೇಲೇ ಅಲ್ವಾ ಆಡಿದ್ದು? ಕಿಟಕಿ ತಾವ್ಲೇ ಕುಂಡ್ರಿಸ್ಬುಟ್ಟಿದ್ರಿ. ಒಗ್ಗರಣೆ ಘಾಟೆಲ್ಲ ನನ್ನ ಗಂಟ್ಲಿಗೇ. ಕೆಮ್ಮು ತಡ್ಕಂಡು ಕುಂತಿದ್ದೆ."

"ಆ ಒಗ್ಗರಣೆ ಕಿಟಕಿ ಕೆಳಗೆ ನಾನಿದ್ದೆ," ಎಂದಳು ರಾಜೀಮತಿ. "ಕಲ್ಯಾಣಿ ಮೇಲಕ್ಕೋದಾಗ ಆಡಿದ್ದು ನೀವು. ನಮ್ಮನೇಲಿ ಆಡಿದ್ದೂ ನೀವೇ. ಅದನ್ನ ಇನ್ನೊಂದ್ಸಲ ಕೇಳ್ಬೇಕು ಅಂತ ಬಂದೆ."

ಪಾಲಾಕ್ಷನ ಕೈಯಲ್ಲಿದ್ದ ಕಾಯಿ ಜಾರಿ ಎಮ್ಮೆಯ ಕಾಲಡಿಗೆ ಉರುಳಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಒಂದು ಗಳಿಗೆ ಇವರಿಬ್ಬರ ಮುಖವನ್ನೂ ನೋಡಿ, ಮನೆಯ ಒಳಕ್ಕೆ ತಿರುಗಿ ಕೂಗಿದ.

"ಲೇ ಇವ್ಳೇ! ಬಾರೇ ಈಚ್ಗೆ! ಇವ್ರೇನಂತಾರೆ ಕೇಳು ಬಾ!"

ಹೆಂಡತಿ ಕೃಷ್ಣಮ್ಮ ಬಂದಳು. ಬೆರಣಿ ತಟ್ಟುತ್ತಿದ್ದ ಕೈ ಹಾಗೆಯೇ ಇತ್ತು.

"ಆ ಮಾತು ಏಳಿ ಅವ್ವಾ," ಎಂದ ಪಾಲಾಕ್ಷ ರಾಜೀಮತಿಗೆ. "ಇವ್ಳಿಗೆ ಏಳಿ. ಮದ್ವೆ ಆದಾಗ್ಲಿಂದ ಏಳ್ತಾವ್ನಿ, ನಂಬಾಕಿಲ್ಲ."

ರಾಜೀಮತಿ ಇನ್ನೊಂದು ಸಲ ಹೇಳಿದಳು. ಕೃಷ್ಣಮ್ಮ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ದೂರದಿಂದ ಬಂದ ದೊಡ್ಡ ಮನೆಯವರಿಗೆ ಬೇಜಾರಾಗಬಾರದು ಎಂದು ಮೆಲ್ಲಗೆ ಹೇಳಿದಳು.

"ನಾನೂ ಕೇಳಿವ್ನಿ ಕಣ್ರವ್ವಾ. ನಮ್ಮವ್ವನ ಮನೆ ಕಟ್ಟಾಯದಾಗೆ, ಗೌಡ್ರ ಮನೇಲಿ ಆಡ್ಸಿದ್ರು. ಮುಂದ್ಗಡೇನೇ ಕುಂತಿದ್ದೆ. ಆಡಿದ್ದು ಅಯ್ನೋರು. ಕೈ ಎತ್ತಿ ಎತ್ತಿ ಆಡಿದ್ರು. ಇವ್ರು ಹಿಂದೆ ತಂಬೂರಿ ಮೀಟ್ಕಂಡು ಕುಂತಿದ್ರು. ಅದೂ ಒಂದು ಕೆಲ್ಸನೇ ಅಲ್ವಾ? ನಾನೇನು ಕಮ್ಮಿ ಅನ್ನಕಿಲ್ಲ."

ಪಾಲಾಕ್ಷ ತಲೆ ತಗ್ಗಿಸಿ ಜಗಲಿಯ ಮೇಲೆ ಕೂತ. ಹದಿನೇಳು ವರ್ಷದ ಸಂಸಾರದಲ್ಲಿ ಇದೇ ಮಾತು ಎಷ್ಟು ಸಲ ಆಗಿರಬೇಡ! ರಾಜೀಮತಿ ಇಷ್ಟು ಹೊತ್ತು ತನ್ನ ಆಸೆಯೊಂದೇ ದೊಡ್ಡದೆಂದುಕೊಂಡು ಬಂದಿದ್ದಳು.

"ಆಡಿ," ಎಂದಳು. "ಈಗ್ಲೇ ಆಡಿ, ಇವ್ರೂ ಕೇಳ್ಲಿ."

ತಂಬೂರಿ ಗುರುಗಳದು, ಅದು ಅವರ ಮನೆಯಲ್ಲೇ ಉಳಿದಿತ್ತು. ಪಾಲಾಕ್ಷ ಬರಿಗೈಯಲ್ಲೇ ಕೂತು, ಕಣ್ಣು ಮುಚ್ಚಿ, ಬಾಯೊಳಗೇ ಶ್ರುತಿ ಹುಡುಕಿದ. ಗುಂಯ್ ಎಂದಿತು, ನಿಂತಿತು. ಕಣ್ಣು ತೆರೆದ. ಎದುರಿಗೆ ಮೂರು ಮುಖಗಳು ಅವನ ಬಾಯಿಯನ್ನೇ ನೋಡುತ್ತಿದ್ದವು. ಮತ್ತೆ ಮುಚ್ಚಿದ, ಮತ್ತೆ ನಿಂತಿತು.

"ಆಗಾಕಿಲ್ಲ ಅವ್ವಾ," ಎಂದ. "ಯಾವತ್ತೂ ಬೆನ್ನು ನೋಡ್ಕಂಡು ಆಡ್ದೋನು ನಾನು. ಮಕ ಕಂಡ್ರೆ ದನಿ ಏಳಾಕಿಲ್ಲ."

ಕೃಷ್ಣಮ್ಮ, ನಾನು ಹೇಳಲಿಲ್ಲವೇ ಎನ್ನುವಂತೆ, ಅಯ್ಯೋ ಪಾಪ ಎನ್ನುವಂತೆಯೂ, ಗಂಡನನ್ನು ನೋಡಿದಳು. "ಓಗ್ಲಿ ಬುಡಿ, ನೀರು ಮಜ್ಜಿಗೆ ಕೊಡ್ತೀನಿ ಇವ್ರಿಗೆ" ಎಂದು ಒಳಗೆ ಹೊರಟಳು.

ರಾಜೀಮತಿ ಎದ್ದಳು. ಜಿನಚಂದ್ರನ ಭುಜ ಹಿಡಿದು, ಮುಖ ರಸ್ತೆಯ ಕಡೆಗೆ ಬರುವಂತೆ ತಿರುಗಿಸಿ ಕೂರಿಸಿದಳು. ಎಮ್ಮೆಗಳಿಗೆ ಹೇಗೂ ಸಂಗೀತದ ಗೊಡವೆಯಿರಲಿಲ್ಲ. ತಾನು ಕೃಷ್ಣಮ್ಮನ ಹಿಂದೆಯೇ ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಕೃಷ್ಣಮ್ಮ ಮಜ್ಜಿಗೆಯ ಗಡಿಗೆಗೆ ಕೈ ಹಾಕಿದಳು.

"ಇರ್ಲಿ ಕಣಮ್ಮ, ಸುಮ್ನೆ ನಿಂತ್ಕೋ," ಎಂದಳು ರಾಜೀಮತಿ.

ಹೊರಗೆ ಎಮ್ಮೆ ಮೆಲುಕು ಹಾಕುವ ಸದ್ದು. ಆಮೇಲೆ ದನಿ ಬಂತು. ಮೊದಲು ಒರಟಾಗಿ, ಎರಡು ವರ್ಷದ ಧೂಳು ಕೊಡವಿಕೊಳ್ಳುತ್ತ ಬಂತು. ಒಂದು ಕಡೆ ಒಡೆಯಿತು, ಕೆಮ್ಮಿ ಮತ್ತೆ ಸರಿಮಾಡಿಕೊಂಡಿತು. ಕಲ್ಯಾಣಿಯನ್ನೇ ಹಿಡಿದಿದ್ದ. ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಹತ್ತಿ, ಕಡೆಗೆ ಮೇಲಕ್ಕೆ ಹೋಯಿತು. ಎಳೆ ಕಡಿಯಲಿಲ್ಲ.

ಕೃಷ್ಣಮ್ಮ ಬಾಗಿಲನ್ನು ಒಂದಿಷ್ಟು ಸರಿಸಿ ಹೊರಗೆ ಇಣುಕಿದಳು. ಜಗಲಿಯ ಮೇಲೆ ತನ್ನ ಗಂಡ ಈ ಕಡೆಗೆ ಬೆನ್ನು ಮಾಡಿ ಕೂತಿದ್ದ. ಅಂಗಳದ ಆಚೆ ಈಚೆ ನೋಡಿದಳು, ತೆಂಗಿನ ಮರದ ಮರೆಯಲ್ಲೂ ನೋಡಿದಳು. ಬಾಯಿ ಮುಚ್ಚಿಕೊಂಡು ರಸ್ತೆ ನೋಡುತ್ತಿದ್ದ ಜಿನಚಂದ್ರನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿ ಬಂದು, ಸಗಣಿಯ ಕೈಯೆಂಬುದನ್ನೂ ಮರೆತು ರಾಜೀಮತಿಯ ಕೈ ಹಿಡಿದುಕೊಂಡಳು.

"ನಮ್ಮೋರಾ?" ಎಂದಳು.